ಕ್ಯಾಟಲಾಗಿನಲ್ಲಿ ಇಲ್ಲದ ಪ್ಲೇಟು

1994ರಲ್ಲಿ ನಾನು ಕಾರ್ಖಾನೆಯೊಂದರಲ್ಲಿ ಅಚ್ಚು, ಉಪಕರಣ ತಯಾರಿಸುವ ಟೂಲ್‌ರೂಮ್ ಕೆಲಸ ಬಿಟ್ಟು, ಜೆ.ಪಿ. ನಗರ ಮೂರನೇ ಹಂತದಲ್ಲಿ ಶೀಟು ಹೊದಿಸಿದ ಶೆಡ್ಡೊಂದರಲ್ಲಿ ಹಳೆಯ ಮೋಟಾರ್‌ಸೈಕಲ್‌ಗಳ ರೆಸ್ಟೊರೇಶನ್ ಶುರುಮಾಡಿದೆ. ಆಗ ನನಗೆ ನಲವತ್ತೊಂದು ವರ್ಷ. ರಿಪೇರಿ ಅಂದರೆ ಗಾಡಿ ಓಡಿದರೆ ಸಾಕು. ರೆಸ್ಟೊರೇಶನ್ ಅಂದರೆ ಗಾಡಿ ಕಾರ್ಖಾನೆಯ ಬಾಗಿಲು ದಾಟಿದ ದಿನ ಹೇಗಿತ್ತೋ ಹಾಗಾಗಬೇಕು. ಬೋಲ್ಟಿನ ತಲೆಯ ಅಳತೆ, ಕೇಬಲ್ ಹಾಯುವ ದಾರಿ, ಸೀಟಿನ ಹೊಲಿಗೆ, ಎಲ್ಲವೂ. ಅದರಲ್ಲೂ ಮೋಟೋಕ್ರಾಸ್ ಗಾಡಿಗಳೆಂದರೆ, ಅಂದರೆ ಮಣ್ಣಿನ ದಿಬ್ಬ, ಹಳ್ಳಗಳ ಮೇಲೆ ಹಾರಿಸಿ ಓಡಿಸಲೆಂದೇ ತಯಾರಾದ ಬೈಕುಗಳೆಂದರೆ, ನನಗೆ ವಿಶೇಷ ಪ್ರೀತಿ. ದಕ್ಷಿಣ ಬೆಂಗಳೂರಿನಲ್ಲಿ ಅಂಥ ಗಾಡಿಗಳು ಬೆರಳೆಣಿಕೆಯಷ್ಟಿದ್ದವು. ಇದ್ದವುಗಳಲ್ಲಿ ಬಹುಪಾಲು ನನ್ನ ಶೆಡ್ಡಿಗೇ ಬರುತ್ತಿದ್ದವು.

ಟೂಲ್‌ರೂಮಿನಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗಕ್ಕೆ ಜಗಳವಾಡಿ ಬಂದವನು ನಾನು. ಡ್ರಾಯಿಂಗಿನಲ್ಲಿ ಇದ್ದದ್ದು ಸರಿ, ಇಲ್ಲದ್ದು ತಪ್ಪು ಎಂಬುದು ಮೈಗೆ ಹತ್ತಿತ್ತು. ಮಾಲೀಕರು ತಮಗೆ ಬೇಕಾದಂತೆ ಬದಲಾಯಿಸಿಕೊಂಡ ಹ್ಯಾಂಡಲ್, ಬೇರೆ ಬಣ್ಣ, ಬೆಸೆದು ಸೇರಿಸಿದ ಕೊಕ್ಕೆ, ಇವೆಲ್ಲ ನನ್ನ ಬಾಯಲ್ಲಿ ‘ಖಯಾಲಿ’ಗಳು. ಖಯಾಲಿಗಳನ್ನು ಕಿತ್ತು ಹಾಕುವುದೇ ನನ್ನ ಕೆಲಸ ಎಂದುಕೊಂಡಿದ್ದೆ. ಮೂಲ ರೂಪಕ್ಕೇ ಅಂಕ ಕೊಡುವ ಹಳೆಯ ಗಾಡಿಗಳ ಪ್ರದರ್ಶನಗಳಲ್ಲಿ ನನ್ನ ಗಾಡಿಗಳಿಗೆ ಮೂರು ಬಾರಿ ಮೊದಲ ಬಹುಮಾನ ಬಂದಮೇಲೆ ಆ ನಂಬಿಕೆ ಅಹಂಕಾರವಾಗಿತ್ತು. ಈಗ ಹೇಳಲಿರುವ ಘಟನೆ ನಡೆದದ್ದು 2002ರಲ್ಲಿ.

ಜನವರಿಯ ಒಂದು ಬೆಳಿಗ್ಗೆ ಗೊಟ್ಟಿಗೆರೆಯ ಮುನಿರಾಜು ತಮ್ಮ ಪಿಕಪ್ ವ್ಯಾನಿನಲ್ಲಿ ಒಂದು ಗಾಡಿ ಹೇರಿಕೊಂಡು ಬಂದರು. ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಮನುಷ್ಯ. ಅವರ ತಂದೆಯ ಕಾಲಕ್ಕೆ ಹೊಲ ಗದ್ದೆ ಇತ್ತಂತೆ. ಈಗ ಬಾಡಿಗೆಯ ಮನೆಗಳು, ಒಂದು ಸಿಮೆಂಟ್ ಅಂಗಡಿ. ಇಪ್ಪತ್ತು ವರ್ಷದ ಹಿಂದೆ ಅವರು ಮೋಟೋಕ್ರಾಸ್ ರೇಸುಗಳಲ್ಲಿ ಹೆಸರು ಮಾಡಿದ್ದವರು. ಗಾಡಿ ಪೂರ್ವ ಯೂರೋಪಿನಲ್ಲಿ ತಯಾರಾದ 250 ಸಿಸಿಯ ಟೂ ಸ್ಟ್ರೋಕ್. ಜೊತೆಗೆ ಮಗಳು ಶೋಭಾ ಇದ್ದಳು, ಇಪ್ಪತ್ಮೂರು ವರ್ಷ. ಅಪ್ಪನ ಹಳೆಯ ಫೋಟೋಗಳನ್ನು ನೋಡಿ ನೋಡಿ ಆ ಹುಚ್ಚು ಅವಳಿಗೂ ಹಿಡಿದಿತ್ತು. ಎರಡು ವರ್ಷದಿಂದ ಗೆಳತಿಯೊಬ್ಬಳ ಬೈಕಿನಲ್ಲಿ ಮಣ್ಣಿನ ಮೇಲೆ ಓಡಿಸಲು ಕಲಿತಿದ್ದಳು.

“ನೋಡಿ ಸ್ವಾಮಿ, ನಂಗೆ ಇದು ಹಿಂಗೇ ಬೇಕು,” ಎಂದರು ಮುನಿರಾಜು. “ಹಳದಿ ಬಣ್ಣ, ಎತ್ತರದ ಹ್ಯಾಂಡಲ್, ಹಿಂದಕ್ಕೆ ಸರಿಸಿದ ಫುಟ್‌ರೆಸ್ಟು. ಎಂಜಿನ್ ಒಂದು ಸರಿ ಮಾಡ್ಕೊಡಿ.”

ನಾನು ಕಪಾಟಿನಿಂದ ಆ ಮಾಡೆಲ್ಲಿನ ಪಾರ್ಟ್ಸ್ ಕ್ಯಾಟಲಾಗ್ ತೆಗೆದು ಬೆಂಚಿನ ಮೇಲೆ ಹರಡಿದೆ. ಕೆಂಪು ಟ್ಯಾಂಕು, ಬೆಳ್ಳಿ ಬಣ್ಣದ ಪಟ್ಟೆ, ತಗ್ಗಾದ ಹ್ಯಾಂಡಲ್. “ಮುನಿರಾಜು ಅವ್ರೇ, ಗಾಡಿ ನಿಮ್ಮದು, ಇಲ್ಲ ಅನ್ನಲ್ಲ. ಆದ್ರೆ ಮಾಡಿದೋರು ಹೀಗೆ ಮಾಡಿದ್ರು. ನಾನು ಮಾಡಿದ್ರೆ ಹೀಗೇ ಮಾಡೋದು.”

ಶೋಭಾ ಚಿತ್ರದ ಮೇಲೆ ಬಗ್ಗಿದಳು. “ಅಪ್ಪಾ, ಸಖತ್ತಾಗಿದೆ ನೋಡಿಲ್ಲಿ! ಅಂಕಲ್ ಹೇಳಿದ ಹಾಗೇ ಮಾಡ್ಲಿ ಬಿಡಪ್ಪ.”

ಮಗಳ ಮುಖ ನೋಡಿ ಅವರು ಸೋತರು. “ಆಯ್ತು. ಬಣ್ಣ ಹೋಗ್ಲಿ, ಹ್ಯಾಂಡಲ್ ಹೋಗ್ಲಿ. ಇದೊಂದು ಮಾತ್ರ ಮುಟ್ಬೇಡಿ.” ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಫ್ರೇಮಿನ ಕತ್ತಿನ ಕೆಳಗೆ ಬೆರಳಿಟ್ಟು ತೋರಿಸಿದರು. ಕತ್ತು ಎಂದರೆ ಮುಂಚಕ್ರವನ್ನು ಹಿಡಿದಿರುವ ಫೋರ್ಕು ಬಂದು ಕೂರುವ ಜಾಗ. ಗಾಡಿ ಹಾರಿ ನೆಲಕ್ಕೆ ಬಿದ್ದಾಗ ಪೆಟ್ಟೆಲ್ಲ ಬೀಳುವುದು ಅಲ್ಲಿಗೆ. ಅಲ್ಲಿ ಕೊಳವೆಯ ಮೇಲೆ ಮೂರು ಇಂಚು ಉದ್ದದ ಒಂದು ಉಕ್ಕಿನ ಪ್ಲೇಟನ್ನು ಹಿತ್ತಾಳೆಯ ಬೆಸುಗೆಯಿಂದ ಕೂರಿಸಿದ್ದರು. “ಬಾಷಾ ಭಾಯ್ ಹಾಕಿದ್ದು. ನನ್ನ ಮೆಕ್ಯಾನಿಕ್ಕು. ಏನಾದ್ರೂ ಆಗ್ಲಿ, ಇದನ್ನ ಮಾತ್ರ ಯಾರ ಕೈಲೂ ಮುಟ್ಟಿಸ್ಬೇಡ ಅಂದಿದ್ರು.”

“ಯಾಕಂತೆ?”

“ನಾನು ಕೇಳ್ಲಿಲ್ಲ. ಈಗ ಕೇಳೋಣ ಅಂದ್ರೆ ಅವ್ರಿಲ್ಲ.”

ನಾನು ತಲೆಯಾಡಿಸಿದೆ. ಮುಟ್ಟುವುದಿಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ ಎಂಬುದನ್ನು ಆಮೇಲೆ ಎಷ್ಟೋ ದಿನ ನೆನೆದು, ಅದರಲ್ಲೇ ಒಂದು ಸಮಾಧಾನ ಹುಡುಕಿದ್ದೇನೆ. ಸಿಕ್ಕಿಲ್ಲ.

ಏಳು ವಾರ ಕೆಲಸ ನಡೆಯಿತು. ಎಂಜಿನ್ನಿಗೆ ಹೊಸ ಪಿಸ್ಟನ್, ಚಕ್ರಗಳಿಗೆ ಹೊಸ ಸ್ಪೋಕು. ಹ್ಯಾಂಡಲನ್ನು ಕ್ಯಾಟಲಾಗಿನ ಅಳತೆಗೇ ಬಗ್ಗಿಸಿದೆ. ಕೊನೆಗೆ ಉಳಿದದ್ದು ಬರಿಯ ಫ್ರೇಮು. ಬಣ್ಣ ಕೆರೆದು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದಾಗ ಆ ಪ್ಲೇಟು ನನ್ನ ಕಣ್ಣಿಗೆ ಚುಚ್ಚತೊಡಗಿತು. ಉಳಿದದ್ದೆಲ್ಲ ಚಿತ್ರದಲ್ಲಿದ್ದ ಹಾಗೇ ಇತ್ತು; ಇದೊಂದು ಗಂಟು. ಮುಂದಿನ ತಿಂಗಳ ಪ್ರದರ್ಶನದಲ್ಲಿ ತೀರ್ಪುಗಾರರು ಮೊದಲು ನೋಡುವುದೇ ಫ್ರೇಮನ್ನು. ಬಹುಮಾನ ಬಂದಮೇಲೆ ಮುನಿರಾಜುಗೆ ಹೇಳಿದರಾಯಿತು, ಖುಷಿಯಲ್ಲಿ ಒಪ್ಪಿಕೊಳ್ಳುತ್ತಾರೆ ಎಂದು ಲೆಕ್ಕ ಹಾಕಿದೆ. ಗ್ರೈಂಡರ್ ಹಿಡಿದು ಇಪ್ಪತ್ತು ನಿಮಿಷದಲ್ಲಿ ಪ್ಲೇಟನ್ನು ಬಿಡಿಸಿ ಬೆಂಚಿನ ಕೆಳಗೆ ಎಸೆದೆ. ಕೊಳವೆಯ ಮೇಲೆ ಉಳಿದ ಹಿತ್ತಾಳೆಯನ್ನು ಅರದಿಂದ ಉಜ್ಜಿ ನುಣುಪು ಮಾಡಿದೆ. ಉಜ್ಜಿದ ಮೇಲೂ ಕೂದಲಿನಷ್ಟು ತೆಳುವಾದ ಒಂದು ಹೊಂಬಣ್ಣದ ಗೆರೆ ಉಳಿಯಿತು. ಬೆಸುಗೆಯ ಕಲೆ ಎಂದುಕೊಂಡೆ.

ಬಣ್ಣಕ್ಕೆ ಕಳಿಸುವ ಮೊದಲು ಪ್ರತಿ ಫ್ರೇಮಿಗೂ ನಾನು ಡೈ ಪರೀಕ್ಷೆ ಮಾಡುತ್ತಿದ್ದೆ. ಲೋಹದ ಮೇಲೆ ಕೆಂಪು ದ್ರವ ಹಚ್ಚಿ ಒರೆಸಿ, ಮೇಲೆ ಬಿಳಿಯ ಪುಡಿ ಸಿಂಪಡಿಸಿದರೆ, ಕಣ್ಣಿಗೆ ಕಾಣದ ಬಿರುಕಿದ್ದರೂ ಅಲ್ಲಿಂದ ಕೆಂಪು ಜಿನುಗಿ ಗೆರೆ ಮೂಡುತ್ತದೆ. ಅವತ್ತು ಬಿಳಿಯ ಪುಡಿಯ ಡಬ್ಬಿ ಖಾಲಿಯಾಗಿತ್ತು. ಹೊಸದು ಬರಲು ಎರಡು ದಿನ ಬೇಕು. ಬನಶಂಕರಿಯ ಪೇಂಟರ್ ನನಗೆ ಕೊಟ್ಟಿದ್ದ ಸರದಿ ಅವತ್ತೇ ಮಧ್ಯಾಹ್ನ. ತಪ್ಪಿದರೆ ಇನ್ನು ಹತ್ತು ದಿನ. ಎಂಟು ವರ್ಷದಲ್ಲಿ ಮೊದಲ ಸಲ ನಾನು ಪರೀಕ್ಷೆ ಮಾಡದೆ ಫ್ರೇಮನ್ನು ಬಣ್ಣಕ್ಕೆ ಕಳಿಸಿದೆ.

ಮಾರ್ಚಿನ ಒಂದು ಶನಿವಾರ ಗಾಡಿ ಒಯ್ಯಲು ಅಪ್ಪ ಮಗಳು ಬಂದರು. ಶೋಭಾ ಟ್ಯಾಂಕಿನ ಮೇಲೆ ಕೈಯಾಡಿಸಿ ಕುಣಿದಳು. ಮುನಿರಾಜು ಸುತ್ತು ಹಾಕಿ ನೋಡಿದರು. ಕತ್ತಿನ ಮುಂದೆ ನಂಬರ್ ಬೋರ್ಡು ಬಂದಿದ್ದರಿಂದ ಒಳಗಿನದು ಕಾಣುತ್ತಿರಲಿಲ್ಲ.

“ಪ್ಲೇಟು ಇದೆ ತಾನೆ?”

“ಎಲ್ಲಾ ಗಟ್ಟಿಯಾಗಿದೆ,” ಎಂದೆ. ಹೇಳಿದ್ದು ಅಷ್ಟೇ. ಅವರು ನಂಬಿದರು.

ಮರುದಿನ ಭಾನುವಾರ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಶೆಡ್ಡು ಗುಡಿಸುತ್ತಿದ್ದಾಗ ಬೆಂಚಿನ ಕೆಳಗಿನಿಂದ ಆ ಪ್ಲೇಟು ಹೊರಬಂತು. ಗುಜರಿಯ ಡಬ್ಬಕ್ಕೆ ಹಾಕಲು ಎತ್ತಿಕೊಂಡಾಗ ಅದರ ಹಿಂಬದಿ ಬೆರಳಿಗೆ ತಾಗಿತು. ಏನೋ ಉಬ್ಬು. ಬಾಗಿಲ ಬೆಳಕಿಗೆ ಹಿಡಿದೆ. ಮೊಳೆಯ ತಲೆಯಂಥ ಎರಡು ಪುಟ್ಟ ಹಿತ್ತಾಳೆ ಉಬ್ಬುಗಳು, ಅವುಗಳ ನಡುವೆ ಸೊಟ್ಟಗೆ ಓಡುವ ಒಂದು ತೆಳು ಏಣು.

ನೋಡಿದ ಕ್ಷಣವೇ ನನಗೆ ಅರ್ಥವಾಯಿತು. ಲೋಹ ಬಿರುಕು ಬಿಟ್ಟಾಗ ಅದು ಮುಂದಕ್ಕೆ ಹರಿಯದಂತೆ ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆಯುತ್ತಾರೆ. ಟೂಲ್‌ರೂಮಿನಲ್ಲಿ ಮೊದಲ ವರ್ಷವೇ ಕಲಿಸುವ ಪಾಠ. ಬಾಷಾ ಭಾಯ್ ತೂತು ಕೊರೆದು, ತೂತಿಗೂ ಬಿರುಕಿಗೂ ಹಿತ್ತಾಳೆ ಹರಿಸಿ, ಅದರ ಮೇಲೆ ಪ್ಲೇಟು ಹೊದಿಸಿದ್ದರು. ವರ್ನಿಯರ್ ಅಳತೆಗೋಲು ಹಿಡಿದು ಅಳೆದೆ. ಮೊಳೆಯಿಂದ ಮೊಳೆಗೆ 31 ಮಿಲಿಮೀಟರ್. ಕೊಳವೆಯ ಸುತ್ತಳತೆಯ ಕಾಲು ಭಾಗಕ್ಕಿಂತ ಹೆಚ್ಚು. ನಾನು ಕಲೆ ಎಂದುಕೊಂಡು ಮೇಲೆ ಬಣ್ಣ ಬಳಿಸಿದ್ದ ಹೊಂಬಣ್ಣದ ಗೆರೆ ಅದೇ ಬಿರುಕು.

ಪಕ್ಕದ ಅಂಗಡಿಯಿಂದ ಗೊಟ್ಟಿಗೆರೆಯ ಮನೆಗೆ ಫೋನು ಮಾಡಿದೆ. ಮುನಿರಾಜು ಅವರ ಹೆಂಡತಿ ಜಯಮ್ಮ ಎತ್ತಿದರು. “ಅವ್ರು ಎಂಟು ಗಂಟೆಗೇ ಹೋದ್ರಲ್ಲ ಅಣ್ಣ. ಅಂಜನಾಪುರದ ಕಡೆ. ಶೋಭಾ ಗಾಡಿ ಓಡಿಸ್ತೀನಿ ಅಂತ ಕುಣೀತಿದ್ಲು.”

“ಅಂಜನಾಪುರದಲ್ಲಿ ಎಲ್ಲಿ?”

“ಸೈಟ್ ಮಾಡ್ತಿದಾರಲ್ಲ, ಆ ಬಯಲು. ಯಾಕಣ್ಣ? ಏನಾಯ್ತು?”

“ಏನಿಲ್ಲಮ್ಮ,” ಎಂದು ಫೋನಿಟ್ಟೆ. ಮುನಿರಾಜು ಬಳಿ ಮೊಬೈಲ್ ಇರಲಿಲ್ಲ.

ಸ್ಕೂಟರ್ ಹತ್ತಿ ಪುಟ್ಟೇನಹಳ್ಳಿ ದಾರಿ ಹಿಡಿದೆ. ಪೈಪು ಹಾಕಲು ರಸ್ತೆ ಅಗೆದಿದ್ದರು. ಹಿಂದಿರುಗಿ ಕನಕಪುರ ರಸ್ತೆಗೆ ಬಂದು, ಕೋಣನಕುಂಟೆ ದಾಟಿ ಎಡಕ್ಕೆ ತಿರುಗುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು. ಅಂಜನಾಪುರ ಆಗ ಬಡಾವಣೆಯಾಗುತ್ತಿದ್ದ ಕಾಲ. ಕಣ್ಣು ಹಾಯುವವರೆಗೂ ಕೆಂಪು ಮಣ್ಣು, ಸಾಲು ಸಾಲು ಸೈಟು ಕಲ್ಲು, ಒಂದೇ ಥರದ ರಸ್ತೆಗಳು. ಎಲ್ಲಿ ಎಂದು ಕೇಳಲು ಒಂದು ಮನೆಯಿಲ್ಲ. ಸ್ಕೂಟರ್ ನಿಲ್ಲಿಸಿ ಕಿವಿಗೊಟ್ಟೆ. ದೂರದಲ್ಲಿ ಟೂ ಸ್ಟ್ರೋಕ್ ಎಂಜಿನ್ನಿನ ಸದ್ದು. ನಾನೇ ಟ್ಯೂನ್ ಮಾಡಿದ ಎಂಜಿನ್ನು. ಆ ಕಡೆ ಓಡಿಸಿದೆ; ರಸ್ತೆ ಒಂದು ಮೋರಿಯ ಹಳ್ಳದಲ್ಲಿ ಮುಗಿಯಿತು. ತಿರುಗಿ ಬಂದೆ, ಸದ್ದು ಈಗ ಬಲಗಡೆಯಿಂದ ಬರುತ್ತಿತ್ತು. ಮತ್ತೆ ಹೊರಟೆ, ಮತ್ತೆ ತಪ್ಪಿತು. ಸದ್ದು ನಿಂತಾಗ ಗಾಡಿ ಮುರಿಯಿತು ಎನ್ನಿಸುತ್ತಿತ್ತು, ಮತ್ತೆ ಕೇಳಿಸಿದಾಗ ಇನ್ನೂ ಇಲ್ಲ ಎನ್ನಿಸುತ್ತಿತ್ತು. ಮರುಕ್ಷಣವೇ ಹೊಳೆಯುತ್ತಿತ್ತು: ಓಡುತ್ತಿದೆ ಅಂದರೆ ಹಾರುತ್ತಿದೆ.

ಕೊನೆಗೆ ಸ್ಕೂಟರನ್ನು ಅಲ್ಲೇ ಕೆಡವಿ ಸೈಟುಗಳ ನಡುವೆ ಓಡಿದೆ. ಒಂದು ದಿಬ್ಬ ಹತ್ತಿದಾಗ ಕೆಳಗೆ ಪಿಕಪ್ ವ್ಯಾನು, ಅದಕ್ಕೊರಗಿ ನಿಂತ ಮುನಿರಾಜು, ಮತ್ತು ಬಯಲಿನ ಆಚೆ ತುದಿಯಲ್ಲಿ ಕೆಂಪು ಗಾಡಿ ಕಂಡವು. ಶೋಭಾ ಮಣ್ಣಿನ ಗುಡ್ಡೆಯೊಂದನ್ನು ಹಾರಿ ನೆಲ ಮುಟ್ಟಿ ತಿರುವು ತೆಗೆದುಕೊಂಡಳು. ಗಾಡಿ ತಡೆದುಕೊಂಡಿತು. ನಾನು ಅಂಗಿ ಬಿಚ್ಚಿ ತಲೆಯ ಮೇಲೆ ಬೀಸುತ್ತ “ನಿಲ್ಸು! ನಿಲ್ಸು!” ಎಂದು ಕೂಗುತ್ತ ಇಳಿದೆ. ಆ ಎಂಜಿನ್ನಿನ ಮುಂದೆ ನನ್ನ ದನಿ ಎಲ್ಲಿ ಕೇಳಿಸಬೇಕು? ಅವಳು ನನ್ನನ್ನು ನೋಡಿದಳು. ಹುರಿದುಂಬಿಸುತ್ತಿದ್ದೇನೆ ಎಂದುಕೊಂಡಳು. ಒಂದು ಕೈ ಎತ್ತಿ ಬೀಸಿ, ಗಾಡಿಯನ್ನು ದೊಡ್ಡ ಗುಡ್ಡೆಯ ಕಡೆ ತಿರುಗಿಸಿದಳು.

“ಏನ್ ಸ್ವಾಮಿ, ಹೊಸದರ ಹಾಗೆ ಮಾಡಿದೀರಲ್ಲ!” ಮುನಿರಾಜು ನಗುತ್ತ ಎದುರು ಬಂದರು. ಅವರ ಕಣ್ಣಲ್ಲಿ ನೀರಿತ್ತು.

“ನಿಲ್ಸಿ ಅವಳ್ನ! ಫ್ರೇಮು...” ಎನ್ನುವಷ್ಟರಲ್ಲಿ ಗಾಡಿ ನೆಲದಿಂದ ಎದ್ದಿತ್ತು. ಚೆನ್ನಾಗಿ ಹಾರಿದಳು. ನೇರವಾಗಿ, ಹಿಂಚಕ್ರ ಮೊದಲು ತಾಗುವಂತೆ ಇಳಿದಳು. ಮುಂಚಕ್ರ ನೆಲ ಮುಟ್ಟಿದ ಕೂಡಲೇ ಚಟ್ ಎಂಬ ಸದ್ದು ಕೇಳಿಸಿತು. ಫೋರ್ಕು ಚಕ್ರದ ಸಮೇತ ಒಳಕ್ಕೆ ಮಡಚಿಕೊಂಡಿತು. ಗಾಡಿ ಅವಳ ಮೇಲೆ ಉರುಳಿತು.

ಬಲ ತೊಡೆಯ ಮೂಳೆ ಮುರಿದಿತ್ತು, ನೋಡಿದರೇ ತಿಳಿಯುತ್ತಿತ್ತು. ಕಾರ್ಖಾನೆಯಲ್ಲಿ ಕಲಿತ ಪ್ರಥಮ ಚಿಕಿತ್ಸೆಯ ನೆನಪಿನಲ್ಲಿ, ಅಲ್ಲೇ ಬಿದ್ದಿದ್ದ ಸೆಂಟ್ರಿಂಗ್ ಹಲಗೆಯೊಂದಕ್ಕೆ ಅವಳ ಕಾಲನ್ನು ನನ್ನ ಅಂಗಿಯಿಂದ ಕಟ್ಟಿದೆ. ವ್ಯಾನಿನ ಹಿಂದೆ ಮಲಗಿಸಿ, ಆ ಹಲಗೆಯನ್ನು ಅಲುಗದಂತೆ ಹಿಡಿದು ಕೂತೆ. ಮುನಿರಾಜು ಜಯನಗರದ ಆಸ್ಪತ್ರೆಯವರೆಗೆ ಓಡಿಸಿದರು. ಬನ್ನೇರುಘಟ್ಟ ರಸ್ತೆಯ ಪ್ರತಿ ರೋಡ್ ಹಂಪ್‌ಗೂ ಅವಳು ಹಲ್ಲು ಕಚ್ಚುತ್ತಿದ್ದಳು. ನಡುವೆ ಒಮ್ಮೆ ನನ್ನ ಕೈ ಹಿಡಿದು ಕೇಳಿದಳು.

“ಅಂಕಲ್, ನಾನು ಲ್ಯಾಂಡಿಂಗ್ ತಪ್ಪು ಮಾಡಿದ್ನಾ?”

“ಇಲ್ಲ ಮಗು. ನೀನೇನೂ ತಪ್ಪು ಮಾಡ್ಲಿಲ್ಲ.”

“ಅಪ್ಪಂಗೆ ಹೇಳಿ. ನಂಗೆ ಬರಲ್ಲ ಅಂದ್ಕೋತಾರೆ.”

ಆಪರೇಶನ್ನಿಗೆ ನಾಲ್ಕು ಗಂಟೆ ಹಿಡಿಯಿತು. ತೊಡೆಯ ಮೂಳೆ ಎರಡು ಕಡೆ ತುಂಡಾಗಿತ್ತು, ಭುಜದ ಮೂಳೆ ಬಿರುಕು ಬಿಟ್ಟಿತ್ತು. ಗೊಟ್ಟಿಗೆರೆಯಿಂದ ನೆಂಟರೆಲ್ಲ ಬಂದರು. ಹೆಣ್ಣು ಹುಡುಗಿಗೆ ಯಾಕೆ ಬೇಕಿತ್ತು ಇದೆಲ್ಲ ಎಂದರು ಒಬ್ಬರು. ಹಳೇ ಗಾಡಿ, ಮುರೀದೆ ಇನ್ನೇನು ಎಂದರು ಇನ್ನೊಬ್ಬರು. ಜಯಮ್ಮ ಗಂಡನ ಮುಖ ನೋಡುತ್ತಿರಲಿಲ್ಲ. ಮುನಿರಾಜು ಬೆಂಚಿನ ತುದಿಯಲ್ಲಿ ಕೂತು “ನಾನೇ ಕೈಯಾರೆ ಮಾಡಿದೆ, ನಾನೇ ಹತ್ತಿಸಿದೆ” ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ನನ್ನನ್ನು ಮಾತ್ರ ಯಾರೂ ಬೈಯಲಿಲ್ಲ. ಕಾಲು ಕಟ್ಟಿ ಕರೆತಂದವನು ಎಂದು ಯಾರೋ ತೊಡಲು ಒಂದು ಅಂಗಿ ತಂದುಕೊಟ್ಟು, ಕಾಫಿ ಕುಡಿಸಿದರು.

ಆ ಪ್ಲೇಟು ನನ್ನ ಪ್ಯಾಂಟಿನ ಜೇಬಿನಲ್ಲಿತ್ತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಮ್ಮನಿರಬೇಕೆಂದು ಬಹಳ ಹೊತ್ತು ಅನ್ನಿಸಿತು, ಅದನ್ನು ಮುಚ್ಚಿಡುವುದಿಲ್ಲ. ಶೆಡ್ಡು, ಹೆಸರು, ಎಂಟು ವರ್ಷದ ಕೆಲಸ ಎಲ್ಲ ಕಣ್ಣ ಮುಂದೆ ಬಂತು. ಆದರೆ ಆ ಮನುಷ್ಯ ತನ್ನನ್ನೇ ಶಪಿಸಿಕೊಳ್ಳುವುದನ್ನು ಕೇಳುತ್ತ ಕೂರುವುದು ಆಗಲಿಲ್ಲ. ಡಾಕ್ಟರು ಬಂದು ಜೀವಕ್ಕೆ ಅಪಾಯವಿಲ್ಲ ಎಂದು ಹೇಳಿ ಹೋದಮೇಲೆ, ಮುನಿರಾಜು ಅವರನ್ನು ಮೆಟ್ಟಿಲ ಬಳಿ ಕರೆದು ಪ್ಲೇಟನ್ನು ಅವರ ಕೈಯಲ್ಲಿಟ್ಟೆ. ತೆಗೆದದ್ದು, ಪರೀಕ್ಷೆ ಬಿಟ್ಟದ್ದು, ಬೆಳಿಗ್ಗೆ ತಿಳಿದದ್ದು, ಎಲ್ಲ ಹೇಳಿದೆ.

ಅವರು ಅದನ್ನು ತಿರುಗಿಸಿ, ಹೆಬ್ಬೆರಳಿಂದ ಆ ಎರಡು ಮೊಳೆಗಳನ್ನು ಮುಟ್ಟಿ ನೋಡಿದರು.

“ಬಾಷಾ ಭಾಯ್ ನಂಗೂ ಹೇಳ್ಲಿಲ್ಲ ನೋಡಿ. ಹೇಳಿದ್ರೆ ಹೆದ್ರಿಕೊಂಡು ಓಡಿಸ್ತೀನಿ ಅಂತ.” ನನ್ನ ಕಡೆ ತಿರುಗಿದರು. “ಪ್ಲೇಟು ಇದೆ ತಾನೆ ಅಂತ ಕೇಳಿದ್ನಲ್ಲ ಸ್ವಾಮಿ. ಆಗ್ಲಾದ್ರೂ ಒಂದ್ ಮಾತು ಹೇಳ್ಬೋದಿತ್ತು.”

ಪ್ಲೇಟನ್ನು ತಮ್ಮ ಜೇಬಿಗೆ ಹಾಕಿಕೊಂಡರು.

“ಹೋಗಿ,” ಎಂದರು. ನಾನು ಮೆಟ್ಟಿಲಿಳಿದೆ.

ಮರುದಿನದಿಂದ ಹೊಸ ಕೆಲಸ ತೆಗೆದುಕೊಳ್ಳುವುದನ್ನು ನಿಲ್ಲಿಸಿದೆ. ಅಲ್ಲಿಯವರೆಗೆ ನಾನು ಮುಗಿಸಿದ್ದ ಮಣ್ಣಿನ ಗಾಡಿಗಳಲ್ಲಿ ಆರು ಇನ್ನೂ ಓಡುತ್ತಿದ್ದವು. ಪ್ರತಿಯೊಂದರಿಂದಲೂ ಏನಾದರೊಂದು ‘ಖಯಾಲಿ’ಯನ್ನು ಕಿತ್ತಿದ್ದೆ. ಈ ಆರಕ್ಕೂ ಪರೀಕ್ಷೆಯಾಗಿತ್ತು ನಿಜ, ಆದರೆ ವರ್ಷಗಳ ಹಿಂದೆ; ಆಮೇಲೆ ಹೊಸ ಬಿರುಕು ಬಿಟ್ಟಿರಬಹುದಿತ್ತು. ಕೆಂಪು ದ್ರವ, ಬಿಳಿಯ ಪುಡಿ ಚೀಲಕ್ಕೆ ಹಾಕಿಕೊಂಡು ಆರು ಮನೆಗಳ ಬಾಗಿಲು ತಟ್ಟಿದೆ. ನನ್ನ ಕೆಲಸದಲ್ಲೇ ನನಗೆ ಅನುಮಾನ ಬಂದಿದೆ, ಬಣ್ಣ ಕೆರೆದು ನೋಡಬೇಕು ಎಂದೆ. ಒಬ್ಬರು ಬಾಗಿಲಲ್ಲೇ ಬೈದು ಕಳಿಸಿದರು. ನಾಲ್ಕು ಗಾಡಿಗಳಲ್ಲಿ ಏನೂ ಸಿಗಲಿಲ್ಲ.

ಕೊನೆಯದು ಬನಶಂಕರಿ ಮೂರನೇ ಹಂತದ ನಿವೃತ್ತ ಬ್ಯಾಂಕ್ ಅಧಿಕಾರಿ ಶ್ರೀಕಂಠಯ್ಯ ಅವರದು. ಹಿಂಚಕ್ರವನ್ನು ಹಿಡಿದಿರುವ ತೋಳಿಗೆ ಹಿಂದಿನ ಮಾಲೀಕರು ಒಂದು ಉಕ್ಕಿನ ಪಟ್ಟಿ ಬಿಗಿದಿದ್ದರು. ನಾನು ಅದನ್ನು ತೆಗೆದು ಮೂರು ವರ್ಷವಾಗಿತ್ತು. ಪುಡಿ ಸಿಂಪಡಿಸಿ ಕಾದೆ. ಒಂದು ನಿಮಿಷದೊಳಗೆ ಬಿಳಿಯ ಮೇಲೆ ಉಗುರುದ್ದದ ಕೆಂಪು ಗೆರೆ ಮೂಡಿತು. ಶ್ರೀಕಂಠಯ್ಯ ಅವರನ್ನು ಕರೆದು ತೋರಿಸಿದೆ. ಅವರು ಮುಂದಿನ ಭಾನುವಾರ ಗಾಡಿ ತೆಗೆದುಕೊಂಡು ಬೆಟ್ಟದ ದಾರಿ ಹಿಡಿಯುವವರಿದ್ದರು. “ದೇವರು ಬಂದ ಹಾಗೆ ಬಂದ್ರಿ ಸಾರ್,” ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಮುನಿರಾಜು ‘ಹೋಗಿ’ ಎಂದದ್ದಕ್ಕಿಂತ ಆ ಕೃತಜ್ಞತೆಯನ್ನು ತಾಳಿಕೊಳ್ಳುವುದು ಕಷ್ಟವಾಯಿತು.

ಅಕ್ಟೋಬರಿನಲ್ಲಿ ಒಂದು ದಿನ ಶೋಭಾ ಶೆಡ್ಡಿಗೆ ಬಂದಳು. ಬಸ್ಸಿನಲ್ಲಿ ಬಂದಿದ್ದಳು, ಕೈಯಲ್ಲಿ ಕೋಲು. ಬಲಗಾಲು ಎಡಗಾಲಿಗಿಂತ ಹದಿನೆಂಟು ಮಿಲಿಮೀಟರ್ ಗಿಡ್ಡವಾಗಿತ್ತು. ಕೂರು ಎಂದರೂ ಕೂರಲಿಲ್ಲ.

“ಅಪ್ಪ ಎಲ್ಲಾ ಹೇಳಿದ್ರು. ಯಾಕೆ ತೆಗೆದ್ರಿ ಅಂಕಲ್?”

“ಕ್ಯಾಟಲಾಗಲ್ಲಿ ಇರ್ಲಿಲ್ಲಮ್ಮ.” ಅದಕ್ಕಿಂತ ನಿಜವಾದ ಉತ್ತರ ನನ್ನಲ್ಲಿರಲಿಲ್ಲ.

ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ. “ಗಾಡಿ ಮನೇಲಿ ಎರಡು ತುಂಡಾಗಿ ಬಿದ್ದಿದೆ. ಅಪ್ಪ ಅದರ ಕಡೆ ನೋಡಲ್ಲ. ನೀವೇ ಸರಿ ಮಾಡ್ಬೇಕು.”

“ನನ್ನ ಕೈಲಿ ಆಗಲ್ಲ ಮಗು. ಬೇರೆ ಯಾರಿಗಾದ್ರೂ ಕೊಡು.”

“ಬೇರೆಯವರಿಗೆ ಅದು ಎಲ್ಲಿ ಮುರಿಯುತ್ತೆ ಅಂತ ಗೊತ್ತಿಲ್ಲ. ನಿಮಗೆ ಗೊತ್ತು.”

ಮಾಡಿದೆ. ಮುರಿದ ಕೊಳವೆಯನ್ನು ಪೂರ್ತಿ ಕತ್ತರಿಸಿ ಹೊಸದು ಹಾಕಿದೆ, ಮೇಲೆ ಹೊಸ ಪ್ಲೇಟು ಬೆಸೆದೆ. ಒಂದೊಂದು ಬೆಸುಗೆಯನ್ನೂ ಅವಳ ಕಣ್ಣೆದುರೇ ಪರೀಕ್ಷಿಸಿದೆ. ಬಲಗಡೆಯ ಫುಟ್‌ರೆಸ್ಟನ್ನು ಹದಿನೆಂಟು ಮಿಲಿಮೀಟರ್ ಮೇಲಕ್ಕೇರಿಸಿದೆ. ಹ್ಯಾಂಡಲ್ ಅವಳ ಭುಜಕ್ಕೆ ನೋವಾಗದಷ್ಟು ಎತ್ತರ. ಬಣ್ಣ ಹಳದಿ, ಅದು ಅಪ್ಪನಿಗೆ ಎಂದಳು. ಪ್ರದರ್ಶನದಲ್ಲಿಟ್ಟಿದ್ದರೆ ಆ ಗಾಡಿಗೆ ಒಂದು ಅಂಕವೂ ಬರುತ್ತಿರಲಿಲ್ಲ.

2003ರ ಆರಂಭದಲ್ಲಿ ಅದೇ ಬಯಲಿಗೆ ಒಯ್ದೆವು. ಶೋಭಾ ನಿಧಾನವಾಗಿ ಒಂದು ಸುತ್ತು ಹಾಕಿದಳು, ಯಾವ ಗುಡ್ಡೆಯನ್ನೂ ಹತ್ತಲಿಲ್ಲ. ಗಾಡಿ ನಿಲ್ಲಿಸಿ ಕೋಲು ಹಿಡಿದು ಇಳಿದಳು. ವ್ಯಾನಿನ ಬಳಿ ದೂರ ನಿಂತಿದ್ದ ಮುನಿರಾಜು ಹತ್ತಿರ ಬಂದರು. ಆಸ್ಪತ್ರೆಯ ದಿನದ ನಂತರ ಅವರು ನನ್ನೊಡನೆ ಆಡಿದ ಮಾತು ಅದೊಂದೇ.

“ಪರೀಕ್ಷೆ ಮಾಡಿದ್ರಾ?”

“ಮಾಡಿದೆ.”

ತಲೆಯಾಡಿಸಿ, ಮಗಳ ಕೈ ಹಿಡಿದು ವ್ಯಾನಿನ ಕಡೆ ನಡೆದರು.

ಆಮೇಲೆ 2009ರವರೆಗೆ ಶೆಡ್ಡು ನಡೆಸಿದೆ. ಪ್ರದರ್ಶನಗಳಿಗೆ ಗಾಡಿ ಕಳಿಸುವುದನ್ನು ಬಿಟ್ಟೆ. ಗಾಡಿ ಬಂದ ಕೂಡಲೇ, ಕ್ಯಾಟಲಾಗ್ ತೆರೆಯುವ ಮೊದಲು, ಅದನ್ನು ಓಡಿಸಿದವರು ಯಾರು, ಅದಕ್ಕೇನೇನು ಮಾಡಿದರು, ಯಾಕೆ ಮಾಡಿದರು ಎಂದು ಕೇಳಿ ಬರೆದುಕೊಳ್ಳುವುದು ರೂಢಿಯಾಯಿತು. ಮೂಲ ರೂಪಕ್ಕೆ ಬೆಲೆಯಿಲ್ಲ ಎಂದು ನಾನು ಈಗಲೂ ಹೇಳುವುದಿಲ್ಲ. ಆದರೆ ಕಾರ್ಖಾನೆಯವರು ಆ ಗಾಡಿಯನ್ನು ಬಲ್ಲದ್ದು ಅದು ಹುಟ್ಟಿದ ದಿನದ ಮಟ್ಟಿಗೆ. ಆಮೇಲೆ ಅದಕ್ಕೆ ಏನೇನಾಯಿತು ಎಂಬುದು ಅದನ್ನು ಓಡಿಸಿದವರಿಗೆ, ರಿಪೇರಿ ಮಾಡಿದವರಿಗೆ ಮಾತ್ರ ಗೊತ್ತು. ನನಗೆ ಅರ್ಥವಾಗದ್ದು ಕಂಡಾಗ ಅದನ್ನು ತಪ್ಪು ಎನ್ನುವ ಮೊದಲು ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳಬೇಕು. ಗೊತ್ತಿರುವವರನ್ನು ಹುಡುಕಿ ಕೇಳಬೇಕು. ಕೇಳಲು ಯಾರೂ ಉಳಿದಿಲ್ಲವಾದರೆ, ಗ್ರೈಂಡರ್ ಕೆಳಗಿಡಬೇಕು.